ಹಕ್ಕಿ ಲೆಕ್ಕಕ್ಕೆ ನೆರವಾದ ಫೇರ್‌ಶೇರಿಂಗ್

ಹೆರಕಲ್ ಹಿನ್ನೀರಿನಲ್ಲಿ ಫ್ಲೆಮಿಂಗೊ ಎಣಿಸಿ ಬರೆದಿಡುವವರು ನಾವು ಮೂವರು, ಬಾಗಲಕೋಟೆಯವರು. ನನ್ನ ನೋಟ್‌ಬುಕ್ಕಿನಲ್ಲಿ 3-2, ಗೆಳೆಯನದರಲ್ಲಿ 2-3. ಎರಡೂ ಒಂದೇ ದಿನವಾ? ಆ ಸಂಜೆ ಪೂರ್ತಿ ಅದರಲ್ಲೇ ಕಳೆಯಿತು.

ಆಮೇಲೆ ಫೇರ್‌ಶೇರಿಂಗ್ ಅನ್ನುವ ಜಾಲತಾಣ ತೆರೆದೆ. ಮಾಹಿತಿ ಹೇಗೆ ಬರೆದಿಡಬೇಕು ಅನ್ನುವ ಮಾನದಂಡಗಳು ದಾಖಲಾಗಿರುವ ಜಾಗ, ಪುಕ್ಕಟೆ. ಅಲ್ಲಿ ಡಾರ್ವಿನ್ ಕೋರ್ ಸಿಕ್ಕಿತು, ಜೀವಿಗಳನ್ನು ಕಂಡ ಮಾಹಿತಿ ಬರೆದಿಡುವ ಮಾನದಂಡ. ಅದನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ಡೇಟಾಬೇಸ್ ಬಳಸುತ್ತದೆ, ಎಲ್ಲ ಒಂದೇ ಪುಟದಲ್ಲಿ. ನನಗೆ ಜಾಸ್ತಿ ಹಿಡಿಸಿದ್ದು 'ರೆಡಿ', 'ಡೆಪ್ರಿಕೇಟೆಡ್' ಅನ್ನುವ ಗುರುತುಗಳು. ಕೈಬಿಟ್ಟ ಮಾನದಂಡದ ಹಿಂದೆ ಸುಮ್ನೆ ಅಲೆಯುವುದು ತಪ್ಪುತ್ತದೆ ಅಲ್ವಾ? ಪೂರ್ತಿ ನಿಯಮ ಓದಲು ಮಾತ್ರ ಡಾರ್ವಿನ್ ಕೋರ್‌ನ ಪುಟಕ್ಕೇ ಹೋಗಬೇಕು.

ಈಗ ಡಾರ್ವಿನ್ ಕೋರ್‌ನಂತೆ ದಿನಾಂಕ ಬರೆಯುವ ನಮ್ಮ ಮೂವರ 'ಈವೆಂಟ್‌ಡೇಟ್' ಕಾಲಂನಲ್ಲೂ ವರ್ಷವೇ ಮೊದಲು: 2024-02-03.