ಬಿಗ್ ಸ್ಟಾರ್ ಕೇಳೋಕೆ ಯಾವ ಆಲ್ಬಮ್‌ನಿಂದ ಶುರು ಮಾಡೋದು?

ಅಮೆರಿಕದ ಮೆಂಫಿಸ್‌ನ ಬಿಗ್ ಸ್ಟಾರ್ ಬ್ಯಾಂಡಿನ ಮೊದಲ ಎರಡು ಆಲ್ಬಮ್‌ಗಳ ಹಣೆಬರಹ ಒಂದೇ. ವಿಮರ್ಶಕರು ಹೊಗಳಿದರು, ರೆಕಾರ್ಡು ಮಾತ್ರ ಅಂಗಡಿಗೆ ಸರಿಯಾಗಿ ತಲುಪಲೇ ಇಲ್ಲ.

1972ರ ‘ನಂಬರ್ ಒನ್ ರೆಕಾರ್ಡ್’ (ಆ ಹೆಸರಿಟ್ಟ ಧೈರ್ಯ ನೋಡಿ!) ನಾಜೂಕಿನ ಕೆಲಸ. ಕ್ರಿಸ್ ಬೆಲ್ ಮತ್ತು ಅಲೆಕ್ಸ್ ಚಿಲ್ಟನ್ ಇಬ್ಬರ ದನಿ ಒಂದರೊಳಗೊಂದು ಹೆಣೆದುಕೊಂಡಿದೆ. ‘ಥರ್ಟೀನ್’ ಹಾಡಿನಲ್ಲಿ ಡ್ರಮ್ಸ್ ಇಲ್ಲ. ಅಕೌಸ್ಟಿಕ್ ಗಿಟಾರ್, ಹದಿಹರೆಯದ ಸಂಕೋಚ, ಮೂರು ನಿಮಿಷದೊಳಗೆ ಮುಗಿದೇ ಹೋಗುತ್ತದೆ. ಇಂಪು ಬೇಕೆನ್ನುವವರು ಇಲ್ಲಿಂದ ಶುರು ಮಾಡಿ.

ಸೋಲಿನ ನೋವಿನಲ್ಲಿ ಬೆಲ್ ಬ್ಯಾಂಡ್ ಬಿಟ್ಟರು. ಉಳಿದ ಮೂವರು 1974ರಲ್ಲಿ ತಂದ ‘ರೇಡಿಯೋ ಸಿಟಿ’ ಒರಟು. ಗಿಟಾರ್ ಹರಿತ, ತಾಳ ಅಲ್ಲಲ್ಲಿ ಎಡವಿದಂತೆ ಕೇಳುತ್ತದೆ, ಅದೇ ಅದರ ರುಚಿ. ಮುಖಪುಟಕ್ಕೆ ವಿಲಿಯಂ ಎಗಲ್‌ಸ್ಟನ್ ತೆಗೆದ ಕೋಣೆಯ ಕೆಂಪು ಒಳಛಾವಣಿಯ ಫೋಟೋ. ‘ಸೆಪ್ಟೆಂಬರ್ ಗರ್ಲ್ಸ್’ ಒಂದಕ್ಕಾಗಿಯೇ ಈ ಆಲ್ಬಮ್ ಕೊಳ್ಳಬಹುದು.

ನನ್ನ ಕೈ ಹೋಗುವುದು ಎರಡನೆಯದಕ್ಕೇ. ಆದರೆ ಮೊದಲ ಸಲ ಕೇಳಿದಾಗ ಇದು ಅರೆಬೆಂದ ಅನ್ನದ ಹಾಗೆ ಅನ್ನಿಸಿತ್ತು; ಮೂರು ಸಲವಾದರೂ ಕೇಳಿ. ಎರಡೂ ಸೇರಿ ಒಂದೇ ಸಿಡಿಯಲ್ಲೂ ಬಂದಿವೆ, ಸಿಕ್ಕರೆ ಆರಿಸುವ ತಲೆನೋವೇ ಇಲ್ಲ.