ಹಳೆಯ ಪ್ರೊಪೆಲ್ಲರ್ ಮೇಲಿನ ನಂಬರ್ ಓದಿ ಹೊಸದು ತರಿಸಬೇಡಿ

31 ಅಡಿಯ ಹಾಯಿದೋಣಿ. 27 ಎಚ್‌ಪಿ ಡೀಸೆಲ್ ಎಂಜಿನ್, ಪೂರ್ತಿ ಥ್ರಾಟಲ್‌ಗೆ 3600 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಗೇರ್‌ಬಾಕ್ಸ್ ಅನುಪಾತ 2.61ಕ್ಕೆ 1. ಎರಡು ಬ್ಲೇಡಿನ ಹಳೆಯ ಪ್ರೊಪೆಲ್ಲರ್ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಂದರೆ ಲೋಹದಲ್ಲಿದ್ದ ಸತು ಉಪ್ಪುನೀರಿಗೆ ಹೋಗಿ, ಸತ್ವವಿಲ್ಲದ ತಾಮ್ರ ಉಳಿದಿತ್ತು. ಬದಲಿಸಲೇಬೇಕಿತ್ತು. ಹಬ್, ಅಂದರೆ ಬ್ಲೇಡ್‌ಗಳು ಸೇರುವ ನಡುಭಾಗದ ಮೇಲೆ 15 × 10 ಎಂದು ಅಚ್ಚೊತ್ತಿತ್ತು. ‘ಅದೇ ಅಳತೆ, ಮೂರು ಬ್ಲೇಡ್, ಒಂದಿಂಚಿನ ಶಾಫ್ಟ್’ ಎಂದು ಆರ್ಡರ್ ಹೋಯಿತು. ಮಾರಿದವರು ಮರುಪ್ರಶ್ನೆ ಕೇಳದೆ ಕಳಿಸಿಕೊಟ್ಟರು. ಎಂಜಿನ್ 3100 ದಾಟಲಿಲ್ಲ, ಹಿಂದಿನಿಂದ ಕಪ್ಪು ಹೊಗೆ. ಇಡೀ ದೋಣಿಗೆ ನಡುಕ. ಕೊನೆಗೆ ಜೆಟ್ಟಿಯ ಹತ್ತಿರ ರಿವರ್ಸ್ ಹಾಕಿದಾಗ ಕೀ (ಶಾಫ್ಟ್‌ಗೂ ಹಬ್‌ಗೂ ನಡುವೆ ಕೂರುವ ಲೋಹದ ಪಟ್ಟಿ) ತುಂಡಾಗಿ, ಶಾಫ್ಟ್ ತಿರುಗಿದರೂ ಪ್ರೊಪೆಲ್ಲರ್ ತಿರುಗದೆ, ಮುಂಭಾಗ ಜೆಟ್ಟಿಗೆ ಬಡಿಯಿತು.

ಇಲ್ಲಿ ಇರುವುದು ಎರಡು ಬೇರೆ ಬೇರೆ ತಪ್ಪು.

ಮೊದಲನೆಯದು ಲೋಡ್. 15 ಎಂದರೆ ಇಂಚಿನಲ್ಲಿ ವ್ಯಾಸ. 10 ಎಂದರೆ ಪಿಚ್, ಜಾರದೆ ಒಂದು ಸುತ್ತು ತಿರುಗಿದರೆ ಸಾಗಬೇಕಾದ ಇಂಚುಗಳು. ಇವೆರಡೂ ಅಷ್ಟೇ ಇದ್ದು ಬ್ಲೇಡ್ ಮಾತ್ರ ಹೆಚ್ಚಾದರೆ ಎಂಜಿನ್ ಮೇಲೆ ಹೊರೆ ಏರುತ್ತದೆ. ಪಿಚ್ ಒಂದಿಂಚು ಬದಲಾದರೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ ಎಂಬುದು ಎಲ್ಲರೂ ಬಳಸುವ ಲೆಕ್ಕ. 500 ಕೊರತೆ ಎಂದರೆ ಸುಮಾರು ಎರಡೂವರೆಯಿಂದ ಮೂರೂಕಾಲು ಇಂಚು ಹೆಚ್ಚುವರಿ ಪಿಚ್. ಈ ದೋಣಿಗೆ ಮೂರು ಬ್ಲೇಡಿನದಾದರೆ 15 × 7ರ ಆಸುಪಾಸಿನದು ಬೇಕಿತ್ತು. ವ್ಯಾಸದಲ್ಲಿ ಕೈಯಾಡಿಸುವಾಗ ಇನ್ನೂ ಹುಷಾರು: ಒಂದಿಂಚು ವ್ಯಾಸ ಎರಡು ಮೂರಿಂಚು ಪಿಚ್‌ನಷ್ಟು ಹೊರೆ ಹೊರಿಸುತ್ತದೆ. ‘ಹೇಗೂ ಪೂರ್ತಿ ಥ್ರಾಟಲ್ ಕೊಡುವುದಿಲ್ಲವಲ್ಲ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊರೆ ಹೆಚ್ಚಾದ ಡೀಸೆಲ್ ಎಂಜಿನ್ ಬಿಸಿಯಾಗುತ್ತದೆ, ಒಳಗೆ ಮಸಿ ಕಟ್ಟುತ್ತದೆ, ಎದುರುಗಾಳಿಯಲ್ಲಿ ಶಕ್ತಿ ಬೇಕಾದಾಗಲೇ ಕೈಕೊಡುತ್ತದೆ.

ಅಂದಾಜು ಹಾಕಲು ಸುಲಭದ ಸೂತ್ರವಿದೆ. 3600ನ್ನು 2.61ರಿಂದ ಭಾಗಿಸಿದರೆ ಶಾಫ್ಟ್ ವೇಗ ಸುಮಾರು 1380. ಅದನ್ನು ಪಿಚ್‌ನಿಂದ ಗುಣಿಸಿ 1215ರಿಂದ ಭಾಗಿಸಿದರೆ ಜಾರದೆ ಹೋಗುವ ವೇಗ ನಾಟ್‌ಗಳಲ್ಲಿ (ಗಂಟೆಗೆ ಎಷ್ಟು ನಾಟಿಕಲ್ ಮೈಲಿ) ಸಿಗುತ್ತದೆ. 10 ಇಂಚಿಗೆ 11.4 ಬರುತ್ತದೆ. ಹಾಯಿದೋಣಿಯಲ್ಲಿ 40–45 ಶೇಕಡಾ ಜಾರುವುದು ಸಹಜ, ಹಾಗಾಗಿ ಕೈಗೆ ಸಿಗುವುದು ಆರೂವರೆ ನಾಟ್ ಹತ್ತಿರ. ಆದರೆ ಈ ಸೂತ್ರಕ್ಕೆ ಬ್ಲೇಡ್‌ಗಳ ಸಂಖ್ಯೆ ಗೊತ್ತಿಲ್ಲ. ಇದೊಂದನ್ನೇ ನೆಚ್ಚಿ ಆರ್ಡರ್ ಕೊಡಬಾರದು.

ಹಳೆಯದನ್ನು ಬಿಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಿ: ದೋಣಿಯ ತಳ ಸ್ವಚ್ಛ, ಟ್ಯಾಂಕ್ ತುಂಬಿದೆ, ನೀರು ಆಳ, ಗಾಳಿಯಿಲ್ಲ, ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ? ಡ್ಯಾಶ್‌ಬೋರ್ಡ್ ಮೀಟರ್ ನಂಬಬೇಡಿ, ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಗೆ (ಬೆಲ್ಟ್ ಸುತ್ತುವ ಚಕ್ರ) ಪ್ರತಿಫಲಕ ಪಟ್ಟಿ ಅಂಟಿಸಿ ಆಪ್ಟಿಕಲ್ ಟ್ಯಾಕೋಮೀಟರ್‌ನಿಂದ ಅಳೆಯಿರಿ. ಬಾರ್ನಕಲ್ (ಅಂಟಿಕೊಂಡು ಬೆಳೆಯುವ ಸಮುದ್ರದ ಚಿಪ್ಪುಜೀವಿ) ಕಟ್ಟಿದ ಪ್ರೊಪೆಲ್ಲರ್ ಮೇಲೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಎರಡನೆಯ ತಪ್ಪು ಶಾಫ್ಟ್‌ನದು, ಜೆಟ್ಟಿಗೆ ಬಡಿಯಲು ಕಾರಣವೂ ಅದೇ. ಟೇಪು ಹಿಡಿದರೆ 25 ಮಿ.ಮೀ. ಶಾಫ್ಟ್‌ ಒಂದಿಂಚಿನಂತೆಯೇ ಕಾಣುತ್ತದೆ. ಒಂದಿಂಚು ಎಂದರೆ 25.4. ಅದಕ್ಕಿಂತ ಕೆಟ್ಟದ್ದು ಟೇಪರ್, ಅಂದರೆ ಶಾಫ್ಟ್ ತುದಿಯ ಕಡೆಗೆ ಸಣ್ಣಗಾಗುವ ಪ್ರಮಾಣ; 1:10 ಎಂದರೆ 10 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಇಳಿಯುತ್ತದೆ. ಮೆಟ್ರಿಕ್ ಶಾಫ್ಟ್‌ಗಳಲ್ಲಿ ಸಾಮಾನ್ಯವಾಗಿ 1:10, ಅಮೆರಿಕದ ಎಸ್‌ಎಇ ಅಳತೆಯಲ್ಲಿ 1:16, ಹಳೆಯ ಬ್ರಿಟಿಷ್ ದೋಣಿಗಳಲ್ಲಿ 1:12. ಇಲ್ಲಿ ಶಾಫ್ಟ್ 25 ಮಿ.ಮೀ., 1:10. ಬಂದ ಪ್ರೊಪೆಲ್ಲರ್ ಒಂದಿಂಚು, 1:16. ನಟ್ ಬಿಗಿದಾಗ ಗಟ್ಟಿ ಕೂತಂತೆ ಕಂಡಿತು. ನಿಜಕ್ಕೆ ಮುಂದಿನ ತುದಿಯಲ್ಲಿ ಬಳೆಯಷ್ಟು ಅಗಲ ಮಾತ್ರ ತಾಗಿತ್ತು, 60 ಮಿ.ಮೀ. ಉದ್ದದಲ್ಲಿ ಹಿಂದಿನ ತುದಿಗೆ ಎರಡು ಮಿ.ಮೀ. ಮಿಕ್ಕಿದ ಸಡಿಲ. ತಿರುಗಿಸುವ ಬಲವನ್ನು ಟೇಪರ್‌ನ ಹಿಡಿತ ಹೊರಬೇಕು, ಕೀ ಬರೀ ಜೊತೆಗಾರ. ಇಲ್ಲಿ ಎಲ್ಲವೂ ಕೀ ಮೇಲೆ ಬಿತ್ತು. ಮುಂದಕ್ಕೆ ಓಡುವಾಗ ತಳ್ಳುವ ಬಲವೇ ಪ್ರೊಪೆಲ್ಲರನ್ನು ಟೇಪರ್‌ಗೆ ಒತ್ತಿಡುತ್ತದೆ, ರಿವರ್ಸ್‌ನಲ್ಲಿ ಅದೇ ಬಲ ಕಿತ್ತೆಳೆಯುತ್ತದೆ. ಕೀ ಮುರಿಯುವುದು ಸಾಮಾನ್ಯವಾಗಿ ನಿಲ್ಲಿಸಬೇಕಾದ ಹೊತ್ತಿನಲ್ಲೇ.

ಟೇಪರ್ ಅಳೆಯಲು ವರ್ನಿಯರ್ ಸಾಕು. 50 ಮಿ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಎರಡೂ ಕಡೆ ವ್ಯಾಸ ತೆಗೆಯಿರಿ. ವ್ಯತ್ಯಾಸ 5 ಮಿ.ಮೀ. ಇದ್ದರೆ 1:10, 4.2 ಹತ್ತಿರವಿದ್ದರೆ 1:12, 3.1 ಇದ್ದರೆ 1:16. ಹೊಸದು ಬಂದ ಮೇಲೆ ಮೊದಲು ಕೀ ಇಲ್ಲದೆ ತೂರಿಸಿ, ಹಬ್‌ನ ಮುಂದಿನ ಅಂಚು ನಿಂತಲ್ಲಿ ಗೆರೆ ಎಳೆಯಿರಿ. ಆಮೇಲೆ ಕೀ ಇಟ್ಟು ತೂರಿಸಿ. ಅದೇ ಗೆರೆಗೆ ಬರದಿದ್ದರೆ ಹಬ್ ಕೀ ಮೇಲೆ ಕೂತಿದೆ; ಕೀಯ ತಲೆಯನ್ನು ಅರದಿಂದ ತುಸು ಇಳಿಸಬೇಕು. ನಟ್‌ಗಳಲ್ಲಿ ತೆಳುವಾದದ್ದು ಮೊದಲು, ದಪ್ಪದ್ದು ಅದರ ಮೇಲೆ, ಕೊನೆಗೆ ಹೊಸ ಸ್ಪ್ಲಿಟ್ ಪಿನ್.

ತಿರುಗುವ ದಿಕ್ಕನ್ನು ಹಿಂದಿನಿಂದ ನೋಡಿ ಹೇಳಬೇಕು: ಫಾರ್ವರ್ಡ್‌ನಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಬಲಸುತ್ತು. ಕ್ಯಾಬಿನ್ನಿನಲ್ಲಿ ಹಿಂದಕ್ಕೆ ಮುಖ ಮಾಡಿ ಶಾಫ್ಟ್ ನೋಡಿದವರು ಇದನ್ನು ತಿರುಗುಮುರುಗು ಬರೆದುಕೊಡುತ್ತಾರೆ.

ಬ್ಲೇಡಿನ ತುದಿಗೂ ದೋಣಿಯ ತಳಕ್ಕೂ ನಡುವೆ ವ್ಯಾಸದ 10ರಿಂದ 15 ಶೇಕಡಾ ಜಾಗ ಬಿಡಿ, 15 ಇಂಚಿಗೆ 38ರಿಂದ 57 ಮಿ.ಮೀ. ಮಡಚುವ ಪ್ರೊಪೆಲ್ಲರ್ ಆದರೆ ಮಡಚಿದಾಗ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಚುಕ್ಕಾಣಿಗೆ ತಾಗದಂತೆ ಅಳೆದು ನೋಡಿ.

ಪಿಚ್ ಒಂದೆರಡು ಇಂಚು ತಪ್ಪಿದರೆ ಪ್ರೊಪೆಲ್ಲರ್ ವರ್ಕ್‌ಶಾಪ್‌ನಲ್ಲಿ ಬಗ್ಗಿಸಿ ತಿದ್ದುತ್ತಾರೆ. ತೂತು ದೊಡ್ಡದಾಗಿ ಬಂದರೆ ಒಳಗೆ ಸ್ಲೀವ್ (ಲೋಹದ ಕೊಳವೆ) ಕೂರಿಸಿ ಹೊಸದಾಗಿ ಕೊರೆಯಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ಒಮ್ಮೆ ಬಿಗಿದು ಗೀರು ಬಿದ್ದದ್ದನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಶಾಫ್ಟ್ ವ್ಯಾಸ, ಟೇಪರ್, ಕೀ ಅಗಲ, ತಿರುಗುವ ದಿಕ್ಕು, ಎಂಜಿನ್ ಆರ್‌ಪಿಎಂ, ಗೇರ್ ಅನುಪಾತ ಇಷ್ಟನ್ನೂ ಆರ್ಡರ್‌ನಲ್ಲೇ ಬರೆದು, ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆದ ಮೇಲೆ ಹಣ ಕಟ್ಟಿ.