ಹೋಗುವಾಗ ರೈಲು, ಬರುವಾಗ ವಿಮಾನ

ಶಿವಮೊಗ್ಗಕ್ಕೆ ವಿಮಾನದಲ್ಲಿ ಹೋಗೋದು ಲಾಭಾನಾ ನಷ್ಟಾನಾ ಅಂತ ಊರ ಕಡೆಯವರು ಯಾರು ಸಿಕ್ಕಿದರೂ ಕೇಳುತ್ತಾರೆ. ನಾನು ಈವರೆಗೆ ನಾಲ್ಕು ಸಲ ಟಿಕೆಟ್ ಮಾಡಿದ್ದೇನೆ. ಮೂರು ಸಲ ಹೋಗಬೇಕಾದಲ್ಲಿಗೆ ಸರಿಯಾಗಿ ಹೋಗಿ ಇಳಿದಿದ್ದೇನೆ. ಒಂದು ಸಲ ಶಿವಮೊಗ್ಗದ ಮೇಲೆ ಸುತ್ತು ಹೊಡೆದು, ಹೊರಟಲ್ಲಿಗೇ ವಾಪಸ್ ಬಂದಿದ್ದೇನೆ. ಇಷ್ಟಾದ ಮೇಲೆ ನಾಲ್ಕು ಮಾತು ಹೇಳೋ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಕೆಲಸ ಬೆಂಗಳೂರಿನಲ್ಲಿ, ಮನೆ ಬನಶಂಕರಿಯಲ್ಲಿ. ಈ ಬನಶಂಕರಿ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಲೆಕ್ಕ ಮಾಡುವಾಗ ಬೇಕಾಗುತ್ತದೆ.

ಶಿವಮೊಗ್ಗದ ವಿಮಾನ ನಿಲ್ದಾಣ ಇರೋದು ಊರ ಹೊರಗಿನ ಸೋಗಾನೆಯಲ್ಲಿ. ಆದರೆ ಸೋಗಾನೆ ಅಂದರೆ ನಮಗೆಲ್ಲ ಜೈಲು. ಶಿವಮೊಗ್ಗದ ಸೆಂಟ್ರಲ್ ಜೈಲು ಅಲ್ಲೇ ಇರೋದು. "ಹೀಗೇ ಮಾಡ್ತಿರು, ಒಂದಿನ ಸೋಗಾನೆಗೆ ಹೋಗ್ತೀಯ" ಅಂತ ಬೈಗುಳ ತಿಂದವರು ಎಷ್ಟು ಜನ ಇಲ್ಲ ಹೇಳಿ. ಅಲ್ಲಿಗೇ ವಿಮಾನವೂ ಬರುತ್ತಂತೆ ಅಂತ ಸುದ್ದಿ ಶುರುವಾಯಿತು. ವರ್ಷ ವರ್ಷ ಅದೇ ಸುದ್ದಿ. ಕೆಲಸ ಶುರುವಾಗುತ್ತದೆ, ನಿಲ್ಲುತ್ತದೆ. ನಮ್ಮ ದೊಡ್ಡಪ್ಪ "ನಾನು ಸತ್ತ ಮೇಲೆ ಬರುತ್ತೆ ಬಿಡು" ಅಂತಿದ್ದರು. 2020ರಲ್ಲಿ ಮತ್ತೆ ಕೆಲಸ ಹಿಡಿದು, 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಬಂದು ಉದ್ಘಾಟನೆ ಮಾಡಿದರು. ಅವತ್ತೇ ಯಡಿಯೂರಪ್ಪನವರ ಎಂಬತ್ತನೇ ಹುಟ್ಟುಹಬ್ಬ. ಮೊದಲು ಅವರ ಹೆಸರನ್ನೇ ಇಡೋದು ಅಂತ ಇತ್ತು, ಅವರೇ ಬೇಡ ಅಂದರು, ಕೊನೆಗೆ ರಾಷ್ಟ್ರಕವಿ ಕುವೆಂಪು ಅಂತ ಆಯಿತು. ಕುಪ್ಪಳಿ ಕಡೆಯವನಾಗಿ ನನಗಂತೂ ಖುಷಿ. ಉದ್ಘಾಟನೆ ಆಗಿ ಆರು ತಿಂಗಳ ಮೇಲೆ, ಆಗಸ್ಟ್ 31ಕ್ಕೆ, ಬೆಂಗಳೂರಿನಿಂದ ಮೊದಲ ವಿಮಾನ ಬಂತು. ದೊಡ್ಡಪ್ಪ ಇನ್ನೂ ಗಟ್ಟಿಯಾಗಿದ್ದಾರೆ.

ಕಟ್ಟಡ ಕಮಲದ ಆಕಾರದಲ್ಲಿದೆ. ಅದರ ಬಗ್ಗೆ ರಾಜಕೀಯದವರು ಆಗಲೇ ಸಾಕಷ್ಟು ಜಗಳ ಆಡಿ ಮುಗಿಸಿದ್ದಾರೆ, ನಾನು ಬೇರೆ ಸೇರಿಸೋದು ಬೇಡ. ಎದುರು ನಿಂತು ನೋಡಿದರೆ ಆ ಆಕಾರ ಪೂರ್ತಿ ಗೊತ್ತೂ ಆಗೋದಿಲ್ಲ, ಮೇಲಿಂದ ನೋಡಬೇಕು. ನನಗೆ ಆಶ್ಚರ್ಯ ಆಗಿದ್ದು ರನ್‌ವೇ. 3,200 ಮೀಟರ್ ಇದೆ. ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಇಷ್ಟು ಉದ್ದದ್ದು ಬೇರೆ ಇಲ್ಲ. ಮಂಗಳೂರಿನದೇ 2,450. ನಾನು ಹೋಗಿದ್ದೆಲ್ಲ ಎಟಿಆರ್ ವಿಮಾನದಲ್ಲಿ, ರೆಕ್ಕೆಗೆ ಫ್ಯಾನ್ ಇರುತ್ತದಲ್ಲ, ಅದು. ಅದಕ್ಕೆ ಇದರ ಅರ್ಧ ಕೊಟ್ಟರೂ ಜಾಸ್ತಿ. ಊಟದ ಎಲೆ ದೊಡ್ಡದು, ಬಡಿಸಿದ್ದು ಒಂದು ಸೌಟು ಅನ್ನ ಅನ್ನೋ ಹಾಗೆ. ಇರಲಿ, ಮುಂದೆ ದೊಡ್ಡ ವಿಮಾನ ಬಂದರೆ ಜಾಗ ರೆಡಿ ಇದೆ.

ಈಗ ಸುತ್ತು ಹೊಡೆದ ಕಥೆ.

ಜುಲೈ ತಿಂಗಳು. ಊರಲ್ಲಿ ಅಜ್ಜಿಯ ತಿಥಿ. ಮಳೆಗಾಲದಲ್ಲಿ ಮಲೆನಾಡಿಗೆ ವಿಮಾನದಲ್ಲಿ ಹೊರಟಿದ್ದು ನನ್ನದೇ ಬುದ್ಧಿವಂತಿಕೆ, ಯಾರನ್ನೂ ಬೈಯುವ ಹಾಗಿಲ್ಲ. ಬೆಂಗಳೂರಿನಲ್ಲಿ ಬಿಸಿಲು. ಹತ್ತಿ ಕೂತು ಮುಕ್ಕಾಲು ಗಂಟೆಗೆಲ್ಲ ಇಳಿಯುತ್ತೇವೆ ಅಂತ ಹೇಳಿದರು. ಕಿಟಕಿಯಲ್ಲಿ ನೋಡಿದರೆ ಬರೀ ಬಿಳಿ. ವಿಮಾನ ಕೆಳಗೆ ಬಂತು, ಎಲ್ಲೋ ಒಂದು ಕಡೆ ಮೋಡ ಹರಿದು ಅಡಿಕೆ ತೋಟದ ತುದಿ ಕಂಡ ಹಾಗಾಯಿತು, ಪಕ್ಕದಲ್ಲಿ ಕೂತಿದ್ದ ಹಿರಿಯರು "ಬಂತು ಬಂತು" ಅಂದರು, ಅಷ್ಟರಲ್ಲಿ ಮತ್ತೆ ಮೇಲಕ್ಕೆ ಎದ್ದಿತು. ಒಂದು ಸುತ್ತು. ಇನ್ನೊಂದು ಸುತ್ತು. ಹೊಟ್ಟೆಯಲ್ಲಿದ್ದ ಇಡ್ಲಿಗೂ ಸುತ್ತು. ಆಮೇಲೆ ಪೈಲಟ್, ಕೆಳಗೆ ಸರಿಯಾಗಿ ಕಾಣುತ್ತಿಲ್ಲ, ವಾಪಸ್ ಬೆಂಗಳೂರಿಗೆ ಹೋಗುತ್ತಿದ್ದೇವೆ ಅಂದರು. ಕಾಣದಿದ್ದರೆ ಇಳಿಸಬಾರದು, ಅದು ನೂರಕ್ಕೆ ನೂರು ಸರಿ, ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರೋದು ಆಮೇಲೆ ಆಗಿದ್ದಕ್ಕೆ. ವಿಮಾನ ಕಂಪನಿಯ ಹೆಸರು ಬೇಡ. ಕೆಳಗಿಳಿದ ಮೇಲೆ ಕೌಂಟರಿನ ಹುಡುಗ ಕಾಯಿರಿ ಅಂದ, ಇನ್ನೊಬ್ಬಳು ಇವತ್ತು ಆಗಲ್ಲ ಅಂದಳು, ಮೂರನೆಯವರು ಆ್ಯಪ್‌ನಲ್ಲಿ ನೋಡಿ ಅಂದರು. ಆ್ಯಪ್‌ನಲ್ಲಿ ನೋಡಿದರೆ ನಮ್ಮ ವಿಮಾನ ಸರಿಯಾದ ಸಮಯಕ್ಕೆ ಹೊರಟಿದೆ ಅಂತ ಇತ್ತು. ಹೌದಪ್ಪ, ಹೊರಟಿದ್ದು ನಿಜ. ಎರಡು ಗಂಟೆ ಕಾದ ಮೇಲೆ ನಾಳೆಗೆ ಸೀಟು ಅಥವಾ ದುಡ್ಡು ವಾಪಸ್ ಅಂದರು. ತಿಥಿ ನಾಳೆ ಬೆಳಿಗ್ಗೆ. ದುಡ್ಡು ವಾಪಸ್ ಅಂದೆ. ಇದೊಂದು ಗೊತ್ತಿರಲಿ: ಹವಾಮಾನದ ಕಾರಣಕ್ಕೆ ರದ್ದಾದರೆ ಪರಿಹಾರ ಅಂತ ಬೇರೆ ದುಡ್ಡು ಸಿಗೋದಿಲ್ಲ, ಆದರೆ ಟಿಕೆಟ್ ಹಣ ಅಥವಾ ಬೇರೆ ವಿಮಾನದಲ್ಲಿ ಸೀಟು, ಎರಡರಲ್ಲಿ ಒಂದನ್ನು ಅವರು ಕೊಡಲೇಬೇಕು. ಕೌಂಟರಿನಲ್ಲಿ ಅವರಾಗಿ ಹೇಳದಿದ್ದರೆ ನೀವೇ ಬಾಯಿ ಬಿಟ್ಟು ಕೇಳಿ.

ಅವತ್ತು ರಾತ್ರಿ ಮೆಜೆಸ್ಟಿಕ್‌ನಿಂದ ರಾಜಹಂಸ ಬಸ್ ಹತ್ತಿ, ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಊರು ಸೇರಿದಾಗ ಅಮ್ಮ ಕೇಳಿದ ಮೊದಲ ಮಾತು, "ವಿಮಾನದಲ್ಲಿ ಬರ್ತೀನಿ ಅಂದಿದ್ಯಲ್ಲ, ಎಂತಕ್ಕೆ ಇಷ್ಟು ಹೊತ್ತು?"

ವಾಪಸ್ ಬರುವ ಟಿಕೆಟ್ ಮೊದಲೇ ಬೇರೆಯಾಗಿ ಮಾಡಿದ್ದೆ. ಭಯದಲ್ಲೇ ಹೊರಟೆ. ಆದರೆ ಅವತ್ತೇ ನನಗೆ ಈ ನಿಲ್ದಾಣ ಇಷ್ಟವಾಗಿದ್ದು.

ಆಗಿದ್ದು ಇಷ್ಟು. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟಿದ್ದಳು, ಜೊತೆಗೆ ಒಂದು ಡಬ್ಬಿ ಜೋನಿ ಬೆಲ್ಲ, ಅದೇ ಹರಿಯುವ ಬೆಲ್ಲ. ಕೈಚೀಲದಲ್ಲೇ ಇಟ್ಟುಕೋ, ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಎತ್ತಿ ಒಗೆದು ಒಡೀತಾರೆ ಅಂದಳು. ನಾನೂ ಯೋಚನೆ ಮಾಡದೆ ಹಾಗೇ ಮಾಡಿದೆ. ಸ್ಕ್ಯಾನ್ ಮಾಡುವಲ್ಲಿ ಬ್ಯಾಗ್ ಪಕ್ಕಕ್ಕೆ ಬಂತು. "ಸಾರ್, ಇದೆಂತ ಬಾಟ್ಲಿ?" ಅಂದರು ಅಲ್ಲಿದ್ದವರು. ಉಪ್ಪಿನಕಾಯಿ ಅಂದೆ. ಮುಚ್ಚಳ ತೆಗೆಯದೆಯೇ ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ, ಮುಖದಲ್ಲಿ ಒಂದು ಥರ ದುಃಖ ಬಂತು. "ಮಿಡಿ ಉಪ್ಪಿನಕಾಯಾ? ಛೇ. ಕೈಯಲ್ಲಿ ತಗೊಂಡು ಹೋಗೋ ಹಾಗಿಲ್ಲ ಮಾರಾಯ್ರೆ. ಬೆಲ್ಲಾನೂ ನೀರು ಇದ್ದ ಹಾಗೇ ಲೆಕ್ಕ." ಕೈಚೀಲದಲ್ಲಿ ದ್ರವ ಇದ್ದರೆ ತಕರಾರು ಮಾಡುತ್ತಾರೆ ಅಂತ ಗೊತ್ತಿತ್ತು, ಜೋನಿ ಬೆಲ್ಲ ದ್ರವ ಅಂತ ನನಗೆ ಹೊಳೆದೇ ಇರಲಿಲ್ಲ.

ದೊಡ್ಡ ಊರಿನ ನಿಲ್ದಾಣವಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬ್ಯಾಗ್ ಕೌಂಟರ್ ಇನ್ನೆಲ್ಲೋ ಇರುತ್ತದೆ, ಹಿಂದೆ ನೂರು ಜನ ನಿಂತಿರುತ್ತಾರೆ, ಬಾಟ್ಲಿಯನ್ನು ಕಸದ ಡಬ್ಬಕ್ಕೆ ಹಾಕಿ ಕಣ್ಣೀರು ಒರೆಸಿಕೊಂಡು ಮುಂದೆ ಹೋಗಬೇಕು. ಇಲ್ಲಿ ಅವರೇ "ಕೌಂಟರ್ ಇನ್ನೂ ಮುಚ್ಚಿಲ್ಲ, ಹೋಗಿ ಹಾಕಿ ಬನ್ನಿ" ಅಂದರು. ನಾಲ್ಕು ಹೆಜ್ಜೆ ಹಿಂದೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಕೈಚೀಲವನ್ನೇ ಲಗೇಜಿಗೆ ತೆಗೆದುಕೊಂಡಳು, ತೂಕ 15 ಕಿಲೋ ಒಳಗೇ ಇತ್ತು, ಟ್ಯಾಗ್ ಹಚ್ಚಿದಳು. ಎಲ್ಲ ಸೇರಿ ಆರೇಳು ನಿಮಿಷ. ಮತ್ತೆ ಸ್ಕ್ಯಾನಿಗೆ ಹೋದಾಗ ಅದೇ ಮನುಷ್ಯ "ಆಯ್ತಾ?" ಅಂತ ಕೇಳಿದರು, ಪಕ್ಕದ ಮನೆಯವರು ಕೇಳೋ ಹಾಗೆ.

ನನಗೆ ಸಣ್ಣ ನಿಲ್ದಾಣ ಬೇಕಾಗಿರೋದು ಇದಕ್ಕೇ. ಹೊಳೆಯುವ ಗ್ರಾನೈಟ್ ಬೇಡ, ಗೋಡೆ ತುಂಬ ಗಿಡ ಬೇಡ. ತಪ್ಪು ಮಾಡಿದರೆ ಹಿಂದೆ ಹೋಗಿ ಸರಿ ಮಾಡಿಕೊಂಡು ಬರುವಷ್ಟು ಜಾಗ ಮತ್ತು ಜನ ಇದ್ದರೆ ಸಾಕು. ಬೀಳ್ಕೊಡೋಕೆ ಬಂದವರು ಬಾಗಿಲ ತನಕ ಬರುತ್ತಾರೆ, ಅಲ್ಲೇ ನಿಂತು ಟಾಟಾ ಮಾಡುತ್ತಾರೆ. ಒಳಗೆ ಹೋದ ಮೇಲೂ ಗೇಟು ಹುಡುಕೋಕೆ ಏನಿಲ್ಲ. ವಿಮಾನದ ತನಕ ನಡೆದುಕೊಂಡೇ ಹೋಗೋದು. ಅವತ್ತು ಮಳೆ ಬಿಟ್ಟು ಮಣ್ಣಿನ ವಾಸನೆ ಬರುತ್ತಿತ್ತು, ವಿಮಾನ ಹತ್ತುವಾಗ ಮಣ್ಣಿನ ವಾಸನೆ ಬಂದಿದ್ದು ನನಗೆ ಇದೇ ಮೊದಲು.

ಊರಿಂದ ಸಾಮಾನು ತರುವವರಿಗೆ ಇನ್ನೊಂದು ಮಾತು. ಒಣ ಕೊಬ್ಬರಿ ಲಗೇಜಿನಲ್ಲೂ ಹಾಕೋ ಹಾಗಿಲ್ಲ. ಎಣ್ಣೆ ಜಾಸ್ತಿ ಇರೋದರಿಂದ ಬೆಂಕಿ ಹತ್ತಿಕೊಳ್ಳುವ ವಸ್ತುಗಳ ಪಟ್ಟಿಗೆ 2022ರಲ್ಲಿ ಅದೂ ಸೇರಿಹೋಗಿದೆ. ನಮ್ಮ ಮಾವ ತಿಪಟೂರಿನ ಕೊಬ್ಬರಿಗೆ ಬೆಂಕಿ ಬೀಳುತ್ತಾ ಅಂತ ಇನ್ನೂ ವಾದ ಮಾಡುತ್ತಾರೆ. ಕೊಟ್ಟೆ ಕಡುಬು ಮಾತ್ರ ಆರಾಮಾಗಿ ಕೈಚೀಲದಲ್ಲಿ ಬರುತ್ತದೆ, ಆದರೆ ಚಟ್ನಿ ಬಿಟ್ಟು ಬನ್ನಿ.

ನಿಲ್ದಾಣ ಚಿಕ್ಕದು ಅಂತ ತಡವಾಗಿ ಹೋಗಬೇಡಿ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ, ಆ ನಿಯಮಕ್ಕೆ ಸೋಗಾನೆ ಆದರೂ ಒಂದೇ, ದೆಹಲಿ ಆದರೂ ಒಂದೇ. ಪೇಟೆಯಿಂದ ಸುಮಾರು 9 ಕಿಲೋಮೀಟರ್ ಅಷ್ಟೇ, ಆದರೂ ಟ್ಯಾಕ್ಸಿಯವರ ಹತ್ತಿರ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಡಿಸೆಂಬರಿನಲ್ಲಿ ಇಳಿದಾಗ ಒಬ್ಬ ಮಹಾನುಭಾವ ಬಸ್ ಸ್ಟ್ಯಾಂಡಿಗೆ ಹೇಳಿದ ರೇಟು ಕೇಳಿ ತೀರ್ಥಹಳ್ಳಿ ತನಕ ಇರಬೇಕು ಅಂದುಕೊಂಡು ಬ್ಯಾಗ್ ಇಟ್ಟುಬಿಟ್ಟಿದ್ದೆ.

ಡಿಸೆಂಬರ್ ಅಂದಾಗ ನೆನಪಾಯಿತು. ಆಗ ಹೋಗಿದ್ದು ಬೇರೆಯೇ ಪ್ರಯಾಣ. ಆಕಾಶ ತೊಳೆದಿಟ್ಟ ಹಾಗಿತ್ತು. ಎಟಿಆರ್ ತುಂಬ ಎತ್ತರ ಹಾರೋದಿಲ್ಲ, ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ಹಾಗಾಗಿ ಎಲ್ಲಿ ಕೂತರೂ ಕೆಳಗೆ ಕಾಣುತ್ತದೆ. ಬೆಂಗಳೂರಿನಿಂದ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಬಾಬಾಬುಡನ್‌ಗಿರಿ ಕಡೆಯ ಬೆಟ್ಟಗಳು, ಆಮೇಲೆ ಭದ್ರಾ ಡ್ಯಾಮಿನ ಹಿನ್ನೀರು, ಅದರಲ್ಲಿ ಸಣ್ಣ ಸಣ್ಣ ದ್ವೀಪಗಳು. ಇಳಿಯುವ ಹೊತ್ತಿಗೆ ಅಡಿಕೆ ತೋಟ, ಗದ್ದೆ, ಹೆಂಚಿನ ಮನೆ. ವಿಮಾನದ ಮಧ್ಯದ ಸಾಲುಗಳಲ್ಲಿ ಕಿಟಕಿ ಸೀಟು ಸಿಕ್ಕಿದರೆ ಹೊಟ್ಟೆಯ ಪಕ್ಕದಿಂದ ಚಕ್ರ ಹೊರಗೆ ಬರೋದೂ ಕಾಣುತ್ತದೆ, ಮಕ್ಕಳಿಗೆ ತೋರಿಸಿ. ಆದರೆ ಆ ಸೀಟುಗಳ ಹತ್ತಿರ ಫ್ಯಾನಿನ ಸದ್ದು ಜಾಸ್ತಿ. ಹತ್ತೋದು ಇಳಿಯೋದು ಹಿಂದಿನ ಬಾಗಿಲಿನಿಂದ, ಹಾಗಾಗಿ ಬೇಗ ಹೊರಗೆ ಬರಬೇಕು ಅಂತ ದುಡ್ಡು ಕೊಟ್ಟು ಮುಂದಿನ ಸೀಟು ತಗೊಂಡರೆ ಎಲ್ಲರಿಗಿಂತ ಕೊನೆಗೆ ಇಳಿಯುತ್ತೀರಿ. ನಾನು ಇಳಿದಿದ್ದೇನೆ.

ಇನ್ನು ಲೆಕ್ಕ. ಬನಶಂಕರಿಯಿಂದ ದೇವನಹಳ್ಳಿಗೆ ವಾಯು ವಜ್ರ ಬಸ್ಸಿನಲ್ಲಿ ಎರಡು ಗಂಟೆ. ಅಲ್ಲಿ ಒಂದೂವರೆ ಗಂಟೆ ಮೊದಲೇ ಇರಬೇಕು. ಹಾರಾಟ ಒಂದು ಗಂಟೆ. ಹೊರಗೆ ಬರೋಕೆ ಕಾಲು ಗಂಟೆ. ಪೇಟೆಗೆ ಇನ್ನು ಅರ್ಧ ಗಂಟೆ. ಐದು ಗಂಟೆ ದಾಟಿತು. ಜನಶತಾಬ್ದಿ ರೈಲಿನಲ್ಲಿ ಮನೆಯಿಂದ ಲೆಕ್ಕ ಹಾಕಿದರೂ ಹೆಚ್ಚು ಕಡಿಮೆ ಆರು ಗಂಟೆ, ಟಿಕೆಟ್ಟಿಗೆ ವಿಮಾನದ ಐದರಲ್ಲಿ ಒಂದು ಪಾಲೂ ಆಗೋದಿಲ್ಲ, ಕಡೂರು ಬೀರೂರು ದಾಟುವಾಗ ವಡೆ ಕಾಫಿ ಬೇರೆ. ಒಂದು ಗಂಟೆ ಉಳಿಸೋಕೆ ಅಷ್ಟು ದುಡ್ಡಾ? ನನಗೆ ಬೇಡ. ಆದರೆ ನಿಮ್ಮ ಮನೆ ಹೆಬ್ಬಾಳ, ಯಲಹಂಕ ಕಡೆ ಇದ್ದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಹೈದರಾಬಾದಿನಿಂದ ಬರುವ ನನ್ನ ತಂಗಿಗಂತೂ ಇದು ವರ, ನೇರ ವಿಮಾನ ಸಿಕ್ಕಿದ ದಿನ ಅವಳು ಬೆಂಗಳೂರಿನ ಮುಖವನ್ನೇ ನೋಡೋದಿಲ್ಲ. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರೂ ದುಡ್ಡಿನ ಲೆಕ್ಕ ಬಿಡಿ, ಇಷ್ಟು ಕಡಿಮೆ ನಡೆದರೆ ಸಾಕಾಗುವ ನಿಲ್ದಾಣ ಅಪರೂಪ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮದುವೆ, ತಿಥಿ, ಪರೀಕ್ಷೆ, ಕೋರ್ಟು, ಇಂಥ ತಪ್ಪಿಸಲಾಗದ ಕೆಲಸ ಇದ್ದರೆ ವಿಮಾನ ನಂಬಬೇಡಿ, ಅಥವಾ ಒಂದು ದಿನ ಮೊದಲೇ ಹೊರಡಿ. ಬರುವಾಗ ಮೋಡ ಕಟ್ಟಿ ತಡವಾದರೂ ತೊಂದರೆ ಕಡಿಮೆ, ಹೆಚ್ಚೆಂದರೆ ಅಮ್ಮನ ಮನೆಗೆ ವಾಪಸ್ ಹೋಗಿ ಇನ್ನೊಂದು ಊಟ ಮಾಡುವುದಷ್ಟೇ. ಹಾಗಾಗಿ ನಾನು ಈಗ ಹೋಗುವಾಗ ರೈಲಿನಲ್ಲೇ ಹೋಗುತ್ತೇನೆ, ಬರುವಾಗ ಸೋಗಾನೆಯಿಂದ ಹಾರುತ್ತೇನೆ.

ಆ ಉಪ್ಪಿನಕಾಯಿ ಬಾಟ್ಲಿ ಒಡೆಯದೆ ಬಂತು. ಜೋನಿ ಬೆಲ್ಲದ ಮುಚ್ಚಳ ಮಾತ್ರ ಸ್ವಲ್ಪ ಸಡಿಲವಾಗಿ ಎರಡು ಅಂಗಿ ಅಂಟಂಟಾಗಿದ್ದವು. ಅದನ್ನು ಸರಿಯಾಗಿ ಮುಚ್ಚದೇ ಇದ್ದದ್ದು ನಾನೇ, ಅಮ್ಮನಿಗೆ ಇನ್ನೂ ಹೇಳಿಲ್ಲ.